ದೀಪಕ್ಕೆ ಬಿಟ್ಟ ಭೂಮಿ

ಡಿಸೆಂಬರಿನ ಕೊನೆಯ ವಾರ ನಾನಿರುವ ಹಾಸ್ಟೆಲಿನಲ್ಲಿ, ಮೆಸ್ಸಿನ ಬಾಗಿಲ ಪಕ್ಕ ಯಾರೋ ಒಂದು ಬಿಳಿ ಹಾಳೆ ಅಂಟಿಸಿ, ಅದರ ನೆತ್ತಿಯಲ್ಲಿ 'ಈ ವರ್ಷ ಎಷ್ಟು ಖುಷಿಯಾಗಿದ್ದೆ? ಹತ್ತಕ್ಕೆ ಎಷ್ಟು?' ಎಂದು ಬರೆದು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನೊಂದನ್ನು ತೂಗುಬಿಟ್ಟಿದ್ದರು. ರಾತ್ರಿ ಊಟದ ಹೊತ್ತಿಗೆ ಹಾಳೆ ಅರ್ಧ ತುಂಬಿತ್ತು. ಎಂಟು, ಆರೂವರೆ, ಒಂಬತ್ತು ಎಂಬ ಅಂಕಗಳ ನಡುವೆ ಒಬ್ಬಳು 'ರಿಸಲ್ಟ್ ಬಂದ ಮೇಲೆ ಹೇಳುತ್ತೇನೆ' ಎಂದು ಬರೆದಿದ್ದರೆ, ಇನ್ನೊಬ್ಬಳು 'ಗ್ರೇಸ್ ಮಾರ್ಕ್ಸ್ ಸೇರಿಸಿ ಪಾಸು' ಎಂದು ಬರೆದಿದ್ದಳು. ನಾನು ತಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಏನನ್ನೂ ಬರೆಯದೆ ಒಳಗೆ ಹೋದೆ. ಅದು ಬೇಸರದಿಂದಲ್ಲ, ಈ ವರ್ಷ ನಾನು ಚೆನ್ನಾಗಿಯೇ ಇದ್ದೆ. ಯಾವುದನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂಬುದೇ ತಿಳಿಯಲಿಲ್ಲ. ಅಂಕ ಬರೆಯದೆ ಬಂದದ್ದಕ್ಕಿಂತ, ಅಂಕ ಕೊಡಲು ಆಗುವುದಿಲ್ಲವೇಕೆ ಎಂಬ ಪ್ರಶ್ನೆ ಮುಂದಿನ ಕೆಲವು ದಿನ ನನ್ನನ್ನು ಹೆಚ್ಚು ಕಾಡಿತು.

ಮೊದಲನೆಯ ತೊಡಕು ವರ್ಷದ್ದೇ. ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಓದುತ್ತಿರುವವಳು, ಅದರಲ್ಲೂ ಶಾಸನಗಳನ್ನು ಓದಲು ಕಲಿಯುತ್ತಿರುವವಳು. ನಮ್ಮ ಪಾಲಿಗೆ ವರ್ಷ ಎಂದರೆ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಸಾಲಾಗಿ ಬರಬೇಕು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕಕ್ಕೆ ತಂದ ಮೇಲೂ ಸಂವತ್ಸರ ಹೊಂದದಿದ್ದರೆ ಅಧ್ಯಾಪಕರು ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ವಿಶ್ವಾವಸು ಸಂವತ್ಸರ ಮುಗಿಯಲು ಮಾರ್ಚಿನ ಯುಗಾದಿ ಬರಬೇಕು. ನನ್ನ ಎಂ.ಎ.ಯ ವರ್ಷ ಮುಗಿಯಲು ಬೇಸಿಗೆಯ ಪರೀಕ್ಷೆ ಬರಬೇಕು. ಗುಂಡ್ಲುಪೇಟೆಯ ಕಡೆ ಹೊಲದಲ್ಲಿರುವ ಅಪ್ಪನ ವರ್ಷ ಮುಗಿಯಲು ಅರಿಸಿನ ಕಿತ್ತು, ಬೇಯಿಸಿ, ಒಣಗಿಸಿ, ಮಾರಿ, ಸೊಸೈಟಿಯ ಸಾಲ ಕಟ್ಟಿ ಆಗಬೇಕು. ಹೀಗಿದ್ದೂ ಡಿಸೆಂಬರ್ 31ರಂದು ಲೆಕ್ಕ ಹಾಕುವ ಆಸೆ ಎಲ್ಲರಿಗೂ ಇದೆ, ನನಗೂ ಇದೆ.

ಹತ್ತಕ್ಕೆ ಎಷ್ಟು ಎಂಬ ಪ್ರಶ್ನೆ ಹಾಸ್ಟೆಲಿನ ಹುಡುಗಿಯರು ಹುಟ್ಟಿಸಿದ್ದಲ್ಲ. 2012ರಿಂದ ಬರುತ್ತಿರುವ ಜಾಗತಿಕ ಸಂತೋಷ ವರದಿಯೂ ಬಹುಪಾಲು ಇದನ್ನೇ ಕೇಳುತ್ತದೆ: ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯೊಂದನ್ನು ಕಲ್ಪಿಸಿಕೊಳ್ಳಿ, ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು, ಈಗ ನೀವು ಎಲ್ಲಿದ್ದೀರಿ? ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನೋವಿಜ್ಞಾನಿ 1965ರಲ್ಲಿ ಪ್ರಕಟಿಸಿದ ಏಣಿ ಅದು. 2025ರ ವರದಿಯಲ್ಲಿ ಫಿನ್‌ಲೆಂಡ್ ಮೊದಲನೆಯದು, 147 ದೇಶಗಳಲ್ಲಿ ಭಾರತ 118ನೆಯದು. ಈ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದಷ್ಟು ಜನ ಅವಮಾನಪಡುತ್ತಾರೆ, ಇನ್ನೊಂದಷ್ಟು ಜನ ಅಳತೆಗೋಲೇ ಸರಿಯಿಲ್ಲ ಎನ್ನುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಇಂಥದೇ ಏಣಿಯೊಂದು ತೈತ್ತಿರೀಯ ಉಪನಿಷತ್ತಿನಲ್ಲಿದೆ, ಮತ್ತು ಅದರ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿರುವವನು ಒಬ್ಬ ಓದುವ ಹುಡುಗ.

ಅಲ್ಲಿ ಆನಂದವನ್ನು ಅಳೆಯಲು ಹೊರಟವರಿಗೆ ಒಂದು ಮೂಲಮಾನ ಬೇಕಾಯಿತು. ಯುವಕ, ಒಳ್ಳೆಯವನು, ಅಧ್ಯಯನ ಮಾಡಿದವನು, ಚುರುಕಾದವನು, ದೃಢಕಾಯನು, ಬಲಶಾಲಿ. ಸಂಪತ್ತು ತುಂಬಿದ ಈ ಇಡೀ ಭೂಮಿ ಅವನದಾಗಿದ್ದರೆ, ಅದು ಮನುಷ್ಯನ ಒಂದು ಆನಂದ. ಅದರ ನೂರು ಪಟ್ಟು ಮನುಷ್ಯಗಂಧರ್ವರದು, ಅದರ ನೂರು ಪಟ್ಟು ದೇವಗಂಧರ್ವರದು, ಹೀಗೆ ಪಿತೃಗಳನ್ನೂ ದೇವತೆಗಳನ್ನೂ ಇಂದ್ರನನ್ನೂ ಬೃಹಸ್ಪತಿಯನ್ನೂ ಪ್ರಜಾಪತಿಯನ್ನೂ ದಾಟಿ ಬ್ರಹ್ಮನವರೆಗೆ. ಎಣಿಸಿ ನೋಡಿದರೆ ಹುಡುಗನಿಂದ ಬ್ರಹ್ಮನಿಗೆ ಸರಿಯಾಗಿ ಹತ್ತು ಮೆಟ್ಟಿಲು. ಎರಡನೆಯ ಹಂತದಿಂದ ಮುಂದಕ್ಕೆ ಪ್ರತಿ ಸಲವೂ, ಕಾಮನೆಯ ಪೆಟ್ಟು ತಗಲದ ಶ್ರೋತ್ರಿಯನಿಗೂ, ಅಂದರೆ ವೇದ ಓದಿದವನಿಗೂ, ಇದೇ ಆನಂದ ಎಂಬ ಮಾತು ಬರುತ್ತದೆ. ವೇದಾಂತಿಗಳಿಗೆ ಆ ಮಾತು ಮುಖ್ಯ. ನನಗೆ ಮಾತ್ರ ಕಣ್ಣಿಗೆ ಬಿದ್ದದ್ದು ಕೆಳಗಿನ ಮೆಟ್ಟಿಲು. ಬೇರೆ ಯಾರನ್ನು ಬೇಕಾದರೂ ನಿಲ್ಲಿಸಬಹುದಾಗಿದ್ದ ಜಾಗದಲ್ಲಿ ಓದುವವನನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದ ಮೇಲೆ, ಓದೊಂದೇ ಸಾಲದೆಂದು ಅನುಮಾನ ಬಂದವರಂತೆ ಇಡೀ ಭೂಮಿಯನ್ನು ಅವನ ಹೆಸರಿಗೆ ಬರೆದಿದ್ದಾರೆ.

ಮೂರು ಗಂಟೆಯ ಟೀ

ನನ್ನ ಈ ವರ್ಷದ ಸುಖಗಳು ಭೂಮಂಡಲದ ಗಾತ್ರದವಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ನೀರಿನ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ಮೈ ಕೊಡವಿಕೊಳ್ಳುವುದನ್ನು ನೋಡುವುದು. ಗ್ರಂಥಾಲಯದಲ್ಲಿ ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿರುವುದು. ಮೂರು ಗಂಟೆಗೆ ಕ್ಯಾಂಟೀನಿನ ಟೀ. ಉಪ್ಪುಖಾರ ಸವರಿದ ಸೀಬೆಹಣ್ಣನ್ನು ನಾಲ್ವರು ಹಂಚಿಕೊಂಡು, ದೊಡ್ಡ ಹೋಳು ಯಾರಿಗೆ ಎಂಬುದರ ಮೇಲೆ ಜಗಳವಾಡುವುದು. ಭಾನುವಾರ ತಲೆಗೆ ಎರೆದುಕೊಂಡು ತಾರಸಿಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಒಣಗಿಸುವುದು. ಧನುರ್ಮಾಸ ಹುಟ್ಟಿದ ಮೇಲೆ ಬೆಳಗಿನ ಜಾವದ ಚಳಿಯಲ್ಲಿ ದೇವಸ್ಥಾನದ ಸಾಲಿನಲ್ಲಿ ನಿಂತು, ದೊನ್ನೆಯಲ್ಲಿ ಬಿಸಿ ಹುಗ್ಗಿ ಪಡೆದು, ಮೆಣಸು ಬಾಯಿಗೆ ಸಿಕ್ಕಿದಾಗ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು. ಅವರೆಕಾಯಿಯ ಕಾಲದಲ್ಲಿ ಮೆಸ್ಸಿನಿಂದ ಹಿತಕಿದ ಬೇಳೆಯ ಸಾರಿನ ವಾಸನೆ ಮೇಲಿನ ಮಹಡಿಯವರೆಗೆ ಬರುವುದು. ಇಂಥ ಪಟ್ಟಿಯನ್ನು ಯಾರೂ ಬರೆಯಬಹುದು, ಬರೆಯುತ್ತಲೂ ಇದ್ದಾರೆ. ವರ್ಷದ ಕೊನೆಯಲ್ಲಿ 'ಸಣ್ಣ ಸಣ್ಣ ಸಂಗತಿಗಳಲ್ಲೇ ಸಂತೋಷವಿದೆ' ಎಂಬ ಸ್ಟೇಟಸ್ ಹಾಕಲು ಇಷ್ಟು ಸಾಕು.

ಆದರೆ ಆ ಮಾತಿನ ಮೇಲೆ ನನಗೆ ಅನುಮಾನವಿದೆ, ಏಕೆಂದರೆ ಇದೇ ಸಂಗತಿಗಳು ಎಲ್ಲ ದಿನಗಳಲ್ಲೂ ಸುಖ ಕೊಡಲಿಲ್ಲ. ದೀಪಾವಳಿಗೆ ಊರಿಗೆ ಹೋದೆ. ಹೋಗುವ ಮುಂಚೆ ಹಗಲುಗನಸು ಕಂಡಂತೆಯೇ ಅಲ್ಲಿ ಎಲ್ಲವೂ ಇತ್ತು: ತಡವಾಗಿ ಏಳುವ ಸ್ವಾತಂತ್ರ್ಯ, ಅವ್ವನ ಕೈಯಡುಗೆ, ಟೀ ಬೇಕಾದಾಗ ಟೀ, ಬಿಸಿಲು ಬೇಕಾದಾಗ ಬಿಸಿಲು, ಹಿತ್ತಿಲಲ್ಲಿ ಸೀಬೆಯ ಮರವೇ. ಹಬ್ಬ ಕಳೆದು ಎರಡು ದಿನವಾಗುವಷ್ಟರಲ್ಲಿ ಅದೇ ಟೀ ಬಾಯಿಗೆ ಸಪ್ಪೆಯಾಯಿತು, ಮಧ್ಯಾಹ್ನಗಳು ಉದ್ದವಾದವು, ಫೋನಿನ ಪರದೆಯನ್ನು ಬೆರಳಿನಿಂದ ಮೇಲೆ ತಳ್ಳುತ್ತ ಕೂರುವುದು ಶುರುವಾಯಿತು. ಬಿಡುವೇ ಸುಖವಾಗಿದ್ದರೆ ಊರಿನ ಆ ದಿನಗಳು ವರ್ಷದ ತುದಿಯಾಗಬೇಕಿತ್ತು. ಮೈಸೂರಿಗೆ ಮರಳಿ, ಬೆಳಿಗ್ಗೆಯಿಂದ ಗ್ರಂಥಾಲಯದಲ್ಲಿ ಕೂತು, ಒಂದು ತಲೆಬುಡವಿಲ್ಲದ ಅಧ್ಯಾಯದೊಂದಿಗೆ ಗುದ್ದಾಡಿ ಎದ್ದ ಮೊದಲ ದಿನವೇ ಕ್ಯಾಂಟೀನಿನ ಆ ನೀರು ಟೀಗೆ ರುಚಿ ತಿರುಗಿ ಬಂತು. ಹಾಲು ಹೆಚ್ಚಾಗಿರಲಿಲ್ಲ, ಸಕ್ಕರೆ ಎಂದಿನಷ್ಟೇ. ಅದು ಓದಿನ ಪಕ್ಕದಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ವಿದ್ಯಾರ್ಥಿಯ ಸುಖಗಳನ್ನು ಓದಿನಿಂದ ಕದ್ದ ಗಳಿಗೆಗಳೆಂದು ಹೇಳುವುದು ರೂಢಿ. ಕ್ಲಾಸಿಗೆ ಚಕ್ಕರ್ ಹೊಡೆದು ನೋಡಿದ ಸಿನಿಮಾ, ಪರೀಕ್ಷೆಯ ಹಿಂದಿನ ರಾತ್ರಿಯ ಹರಟೆ, ಹಿಂದಿನ ಬೆಂಚಿನ ನಗು. ಹಳೆಯ ವಿದ್ಯಾರ್ಥಿಗಳು ಸೇರಿದಾಗ ಇವೇ ಕತೆಗಳು. ಕದಿಯಲು ಏನಾದರೂ ಇರಬೇಕಲ್ಲ. ಓದು ಎಂಬುದು ನಡೆಯುತ್ತಿರುವಾಗ ಮಾತ್ರ ಅದರ ಬದಿಯಲ್ಲಿ ಈ ಸುಖಗಳು ಚಿಗುರುತ್ತವೆ ಎಂಬುದು ನನ್ನ ಈ ವರ್ಷದ ಅನುಭವ. ಓದು ನಿಂತಾಗ ಅವೂ ನಿಂತವು. ಆದ್ದರಿಂದ ಓದಿನೊಳಗೇ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು.

ಹುಳು ಸಿಕ್ತಾ?

ಶಾಸನದ ಪಡಿಯಚ್ಚನ್ನು ನೋಡದವರಿಗೆ ಒಂದು ಮಾತು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರಗಳ ಕುಳಿಯೊಳಗೆ ಕೂರುವ ಹಾಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕೆತ್ತಿದ ಜಾಗಕ್ಕೆ ಮಸಿ ತಾಗದೆ ಅಕ್ಷರಗಳು ಬೆಳ್ಳಗೆ ಉಳಿದು, ಸುತ್ತಲೂ ಕಪ್ಪಾಗುತ್ತದೆ. ಕಲ್ಲಿಗೆ ಏಟು ಬಿದ್ದ ಕಡೆಯೂ ಬೆಳ್ಳಗೇ ಕಾಣುವುದರಿಂದ, ಯಾವುದು ಬರೆದದ್ದು, ಯಾವುದು ಗಾಯ ಎಂಬುದನ್ನು ಬಿಡಿಸಿಕೊಳ್ಳುವುದೇ ಕಲಿಯುವವರ ಮೊದಲ ಪಾಡು. ನಮ್ಮ ಅಧ್ಯಾಪಕರು ಅಭ್ಯಾಸಕ್ಕೆಂದು ಕೊಟ್ಟಿದ್ದ ಒಂದು ಪಡಿಯಚ್ಚಿನ ಕೆಳಗಿನ ಸಾಲುಗಳು ಹೀಗೆಯೇ ಸವೆದು, ಒಂದಕ್ಕೊಂದು ಬೆರೆತು ಹೋಗಿದ್ದವು. ಹಲವು ಮಧ್ಯಾಹ್ನ ಅದರ ಮುಂದೆ ಕೂತಿದ್ದೆ. ಒಂದು ಅಕ್ಷರ 'ಪ' ಇರಬಹುದೇ 'ಷ' ಇರಬಹುದೇ ಎಂಬುದು ಒಳಗಿನ ಒಂದು ಗೀಟಿನ ಮೇಲೆ ನಿಂತಿತ್ತು, ಆ ಗೀಟು ಬಿರುಕೋ ಬರಹವೋ ತಿಳಿಯುತ್ತಿರಲಿಲ್ಲ. ಸಂಜೆಯ ಬೆಳಕು ಓರೆಯಾಗಿ ಬೀಳುತ್ತಿದ್ದ ಹೊತ್ತಿನಲ್ಲಿ, ಆ ಅಕ್ಷರವನ್ನು ಬಿಟ್ಟು ಬಲಗಡೆಗೆ ಕಣ್ಣು ಹಾಯಿಸಿದಾಗ 'ಹಸ್ರಾಣಿ' ಎಂಬುದು ಯಾವ ತಕರಾರೂ ಇಲ್ಲದೆ ಕಂಡಿತು. ಮರುಕ್ಷಣ ಹಿಂದಿನದೆಲ್ಲ ತಾನಾಗಿ ಓದಿಸಿಕೊಂಡಿತು: 'ಷಷ್ಟಿರ್ವರ್ಷ ಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ'. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ, ನಾಡಿನ ದಾನಶಾಸನಗಳ ತುದಿಯಲ್ಲಿ ಮತ್ತೆ ಮತ್ತೆ ಬರುವ ಶಾಪ. ನಾನು ಜೋರಾಗಿ ನಕ್ಕುಬಿಟ್ಟೆ. ಎದುರು ಕೂತಿದ್ದ ಸಹಪಾಠಿ ತಲೆಯೆತ್ತದೆಯೇ "ಹುಳು ಸಿಕ್ತಾ?" ಎಂದಳು. ನಮ್ಮ ತರಗತಿಯಲ್ಲಿ ಆ ಪ್ರಶ್ನೆ ಆಮೇಲೆ ಎಲ್ಲದಕ್ಕೂ ಬಳಕೆಗೆ ಬಂತು. ಬಸ್ಸು ಸಿಕ್ಕಿದರೂ ಹುಳು ಸಿಕ್ಕಿತು, ಬಾಡಿಗೆಗೆ ಕೋಣೆ ಸಿಕ್ಕಿದರೂ ಹುಳು ಸಿಕ್ಕಿತು.

ಆ ಸಂಜೆ ನಾವು ಮೂವರು ಚುರುಮುರಿ ತಿಂದು, ಕೆರೆಯ ಬದಿಯಲ್ಲಿ ಕತ್ತಲಾಗುವವರೆಗೆ ಕೂತು, ಗೇಟು ಹಾಕುವ ಹೊತ್ತಿಗೆ ಓಡೋಡಿ ಹಾಸ್ಟೆಲು ಸೇರಿದೆವು. ವರ್ಷದಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವ ಖುಷಿಯ ದಿನ ಅದು. ಗಮನಿಸಬೇಕಾದ ಸಂಗತಿಯೆಂದರೆ, ನಾನು ಓದಿದ ಆ ಸಾಲಿಗೆ ಇತಿಹಾಸದಲ್ಲಿ ಯಾವ ಬೆಲೆಯೂ ಇಲ್ಲ. ರಾಜನ ಹೆಸರಿಲ್ಲ, ಊರಿಲ್ಲ, ತೇದಿಯಿಲ್ಲ. ಎಲ್ಲರಿಗೂ ಬಾಯಿಪಾಠವಾಗಿರುವ ಶಾಪಾಶಯ. ಪ್ರಬಂಧಕ್ಕೆ ಅದರಿಂದ ಒಂದು ಅಡಿಟಿಪ್ಪಣಿಯೂ ಹುಟ್ಟುವುದಿಲ್ಲ. ಸೆಮಿಸ್ಟರಿನ ಫಲಿತಾಂಶ ಒಳ್ಳೆಯದೇ ಬಂದಿತ್ತು, ಅದಕ್ಕೂ ಸಂತೋಷಪಟ್ಟೆ, ಆದರೆ ಆ ಸಂತೋಷ ಮನೆಗೆ ಫೋನು ಮಾಡಿ ಹೇಳುವಷ್ಟರಲ್ಲಿ ಮುಗಿದುಹೋಯಿತು. ಸಾಧನೆಯ ಸುಖ, ಗುರಿ ಮುಟ್ಟಿದ ಸುಖ ಎಂದೆಲ್ಲ ಭಾಷಣಗಳಲ್ಲಿ ಕೇಳುತ್ತೇವೆ. ಶಾಪದ ಸಾಲಿನಲ್ಲಿ ಸಾಧನೆಯೇನೂ ಇರಲಿಲ್ಲ. ಬಹಳ ಹೊತ್ತು ಮೂಕವಾಗಿದ್ದ ಕಲ್ಲೊಂದು ಮಾತಾಡಿತು, ನಾನು ಅಲ್ಲಿದ್ದೆ, ಅಷ್ಟೆ.

ಹನ್ನೆರಡು ನಿವರ್ತನ

ಈ ಬಗೆಯ ಮಧ್ಯಾಹ್ನಗಳು ಸಿಗಬೇಕಾದರೆ ಒಂದು ಕೋಣೆ, ಒಂದು ಬೆಂಚು, ಸಾಕಷ್ಟು ಬೆಳಕು, ಹೊಟ್ಟೆಗೆ ಊಟ, ಮತ್ತು 'ಇದರಿಂದ ಏನು ಬಂತು' ಎಂದು ತಕ್ಷಣಕ್ಕೆ ಯಾರೂ ಕೇಳದಿರುವ ಅವಕಾಶ ಬೇಕು. ಇವು ಆಕಾಶದಿಂದ ಉದುರುವುದಿಲ್ಲ ಎಂಬುದನ್ನು ನನಗೆ ಕಲಿಸಿದ್ದೂ ಶಾಸನಗಳೇ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಕಂಬದ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಎಂಬವನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರು ಇರಲು 27 ಮನೆಗಳಿದ್ದವು. ಊರಿನವರು ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರರ್ಧ, ಚೌಲವಾದರೆ ಅದರ ಅರ್ಧ ಶಾಲೆಗೆ ಕೊಡಬೇಕು. ಇವೆಲ್ಲದರ ನಡುವೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಸಣ್ಣ ಬಾಬತ್ತು: ದೀಪಕ್ಕೆಂದು 12 ನಿವರ್ತನ ಭೂಮಿ. ನಿವರ್ತನ ಎಂಬುದು ಆ ಕಾಲದ ಭೂಮಿಯ ಅಳತೆ. ರಾತ್ರಿ ಓದುವವರಿಗೆ ಎಣ್ಣೆ ಬೇಕು, ಎಣ್ಣೆಗೆ ಹಣ ಬೇಕು, ಹಣಕ್ಕೆ ಹೊಲ ಬೇಕು ಎಂದು ಯಾರೋ ಕೂತು ಯೋಚಿಸಿದ್ದಾರೆ.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ್ದು, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರದ್ದು, ಇನ್ನೊಂದು ಕತೆ. 1058ರಲ್ಲಿ, ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಅಲ್ಲಿ ವೇದ ಓದುವವರೇ 200 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರಿದ್ದರೆ, ಗ್ರಂಥಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಕಲಿಸುವವರಷ್ಟೇ ಜನ ಪುಸ್ತಕ ಕಾಯುವವರು! ಇಂದಿನ ಯಾವ ವಿಶ್ವವಿದ್ಯಾಲಯ ಈ ಅನುಪಾತವನ್ನು ಒಪ್ಪೀತು? ಉಪನಿಷತ್ತು ತನ್ನ ಓದುವ ಹುಡುಗನಿಗೆ ಇಡೀ ಭೂಮಿಯನ್ನು ಕೊಟ್ಟು ಕೈತೊಳೆದುಕೊಂಡಿತು. ನಮ್ಮ ಶಾಸನಗಳನ್ನು ಬರೆಸಿದವರು ಹೆಚ್ಚು ವ್ಯವಹಾರಸ್ಥರು: ಮಲಗಲು ಮನೆ, ಊಟಕ್ಕೆ ಹೊಲ, ದೀಪಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಜನ. ಸಂತೋಷದ ಮಾತೇ ಅಲ್ಲಿಲ್ಲ. ಕೊಟ್ಟವರಿಗೆ ಪುಣ್ಯ ಬೇಕಿತ್ತು, ಕೀರ್ತಿ ಬೇಕಿತ್ತು. ಆದರೆ ಆ 27 ಮನೆಗಳಲ್ಲಿ ಸಂಜೆ ದೀಪ ಹತ್ತಿದ ಮೇಲೆ ನಗೆಯೂ ಜಗಳವೂ, ಒಂದು ಸೂತ್ರ ಥಟ್ಟನೆ ಹೊಳೆದ ಸುಖವೂ ಇದ್ದಿರಲೇಬೇಕು. ಅದನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸಾಲೋಟಗಿಯ ಆ ಮನೆಗಳಲ್ಲಿ ನನಗೆ ಜಾಗವಿರುತ್ತಿರಲಿಲ್ಲ. ಅರಿಸಿನ ಬೆಳೆಯುವವನ ಮಗಳು, ಅದರಲ್ಲೂ ಹೆಣ್ಣು, ಆ ದೀಪದ ಹತ್ತಿರ ಸುಳಿಯುವಂತಿರಲಿಲ್ಲ. ಬಹುಶಃ ನಾನು ಆ 12 ನಿವರ್ತನದಲ್ಲಿ ಕಳೆ ಕೀಳುತ್ತಿದ್ದೆ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆಂದು ಶಾಲೆ ಆರಂಭವಾದದ್ದು 1881ರಲ್ಲಿ, ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಹಳೆಯ ದತ್ತಿಗಳನ್ನು ಕಂಡು ಕಣ್ಣು ತುಂಬಿಕೊಳ್ಳುವವರು ಈ ಸುಮಾರು ಒಂಬೈನೂರು ವರ್ಷಗಳ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶೂನ್ಯ ಟಿಕೆಟ್ಟು

ನನ್ನ ದೀಪಕ್ಕೆ ಭೂಮಿ ಬಿಟ್ಟವರು ಯಾರು ಎಂದು ಕೇಳಿಕೊಂಡರೆ ಉತ್ತರ ಹಲವು ಕಡೆಗೆ ಚದುರುತ್ತದೆ. ಪ್ರಾಥಮಿಕ ಶಾಲೆಯ ಬಿಸಿಯೂಟ, ಎಂಟನೇ ತರಗತಿಯಲ್ಲಿ ಸಿಕ್ಕ ಸೈಕಲ್ಲು, ಈಗಿನ ವಿದ್ಯಾರ್ಥಿವೇತನ, ಅಪ್ಪನ ಅರಿಸಿನ, ಅವ್ವನ ಕೂಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸೂ ಅದಕ್ಕೆ ಸೇರಿದೆ. ರಾಜ್ಯದ ಕೆಂಪು ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಕಂಡಕ್ಟರು ಶೂನ್ಯ ಟಿಕೆಟ್ಟು ಹರಿದುಕೊಡುತ್ತಾರೆ. ಪುಣ್ಯಕ್ಕೆ ಕೊಟ್ಟರೋ ವೋಟಿಗೆ ಕೊಟ್ಟರೋ ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ, ನಡೆಯಲಿ. ಸಾಲೋಟಗಿಯ ಹುಡುಗರೂ ಮಂತ್ರಿಯ ಉದ್ದೇಶವನ್ನು ವಿಚಾರಿಸಿ ದೀಪ ಹಚ್ಚಿರಲಾರರು. ಈ ಟಿಕೆಟ್ಟು ನನಗೆ ಕೊಟ್ಟ ದೊಡ್ಡ ಸುಖ ನಾನು ಓಡಾಡಿದ್ದಲ್ಲ, ಅವ್ವ ಬಂದದ್ದು.

ನವೆಂಬರಿನ ಒಂದು ಬುಧವಾರ ಅವಳು ಹೇಳದೆ ಕೇಳದೆ ಒಬ್ಬಳೇ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ನಂಜನಗೂಡಿನಲ್ಲಿ ಇಳಿದು ನಂಜುಂಡೇಶ್ವರನಿಗೆ ಕೈಮುಗಿದು, ಮತ್ತೊಂದು ಬಸ್ಸು ಹಿಡಿದು ಮೈಸೂರಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಿಂದ ಯಾರದೋ ಫೋನಿನಲ್ಲಿ "ಬಂದಿವ್ನಿ ಕನ ಕೂಸು, ಎಲ್ಲಿಗ್ ಬರ್ಬೇಕು ಹೇಳು" ಎಂದಳು. ನಾನು ಎಂ.ಎ.ಗೆ ಸೇರಿದ ಮೇಲೆ ಅವಳು ಇಲ್ಲಿಗೆ ಬಂದದ್ದು ಅದೇ ಮೊದಲು. ಮೊದಲಾಗಿದ್ದರೆ ಹೋಗಿಬರುವ ಬಸ್ಸಿನ ಹಣಕ್ಕೆ ಒಂದು ಕಾರಣ ಬೇಕಿತ್ತು, ಮಗಳನ್ನು ಸುಮ್ಮನೆ ನೋಡಿಬರುವುದು ಕಾರಣವಾಗುತ್ತಿರಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದೆ. ಕಲ್ಲುಬೆಂಚಿನ ಮೇಲೆ ಕೂತು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದಳು. ಹೆಜ್ಜಾರ್ಲೆಗಳನ್ನು ತೋರಿಸಿದೆ, ಅವನ್ನು ಒಂದು ಸಲ ನೋಡಿ, ನೀರನ್ನು ಬಹಳ ಹೊತ್ತು ನೋಡಿದಳು. "ಇಷ್ಟ್ ದೊಡ್ಡ ಕೆರೆನ ಬರೀ ನೋಡಕೆ ಮಡಗವ್ರಾ? ಗದ್ದಗೆ ಬುಡದಿಲ್ವಾ?" ಎಂದು ಕೇಳಿದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಆ ಕೆರೆಯನ್ನು ಕಟ್ಟಿದ್ದು ನೀರಾವರಿಗೆ, ಊರಿನ ನೀರಿಗೆ; ನಾವು ಓದುವವರು ಬೆಳಿಗ್ಗೆ ನಡೆದು ಮನಸ್ಸು ಹಗುರ ಮಾಡಿಕೊಳ್ಳಲಿ ಎಂದಲ್ಲ.

ನಾನು ಏನು ಓದುತ್ತೇನೆಂದು ತೋರಿಸಲು ಫೋನಿನಲ್ಲಿದ್ದ ಪಡಿಯಚ್ಚಿನ ಚಿತ್ರ ತೆಗೆದು, ಶಾಪದ ಸಾಲನ್ನು ಓದಿ ಅರ್ಥ ಹೇಳಿದೆ. ಅವ್ವ ನಗಲಿಲ್ಲ. ನಮ್ಮ ಊರಿನ ಒಬ್ಬ ದೊಡ್ಡಮನುಷ್ಯರ ಹೆಸರು ಹೇಳಿ, ಬದು ಒತ್ತಿದವರಿಗೆ ಈಗಲೂ ಹೀಗೇ ಆಗುವುದೇ ಎಂದು ವಿಚಾರಿಸಿದಳು. ತರಗತಿಯಲ್ಲಿ ನಮ್ಮ ತಮಾಷೆಯಾಗಿದ್ದ ಹುಳು ಅವಳ ಪಾಲಿಗೆ ನಂಬಬೇಕಾದ ಕಾನೂನಾಗಿತ್ತು; ಕಲ್ಲನ್ನು ಬರೆಸಿದವರ ಮನಸ್ಸಿಗೆ ನನಗಿಂತ ಅವಳೇ ಹತ್ತಿರವಿದ್ದಳು. ಸಂಜೆ ಐದರ ಬಸ್ಸಿಗೆ ಅವಳನ್ನು ಹತ್ತಿಸಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದಕ್ಕೆ ಅವಳು ಪಟ್ಟ ಸಂತೋಷವನ್ನು ನೋಡಿ, ಏಣಿಯ ಪ್ರಶ್ನೆಯನ್ನು ಅವಳಿಗೆ ಕೇಳಿದ್ದರೆ ಏನು ಹೇಳುತ್ತಿದ್ದಳೋ ಎಂದು ಈಗ ಯೋಚಿಸುತ್ತೇನೆ. ಏಣಿ ಯಾವ ಮರದ್ದು ಎಂದು ಕೇಳುತ್ತಿದ್ದಳೇನೋ.

ಎಣ್ಣೆ ತರುವವರು

ಇಷ್ಟನ್ನೂ ಜೋಡಿಸಿ, ವಿದ್ಯಾರ್ಥಿಯ ಸುಖ ಓದಿನ ಬದಿಯಲ್ಲಿ ಹುಟ್ಟುತ್ತದೆ, ಓದು ಬೇರೆಯವರು ಹಚ್ಚಿಟ್ಟ ದೀಪದಲ್ಲಿ ನಡೆಯುತ್ತದೆ, ಆದ್ದರಿಂದ ಅದನ್ನು ಕೆಲಸ ಸಿಕ್ಕಿದ ಮೇಲೆ, ಮದುವೆಯಾದ ಮೇಲೆ ಎಂದು ಮುಂದಕ್ಕೆ ಹಾಕಿದರೆ ಸಿಗದು ಎಂದು ನನ್ನ ಕೋಣೆಯ ಗೆಳತಿಗೆ ವಿವರಿಸಿದೆ. ಅವಳು ವಿಜಯಪುರದ ಕಡೆಯವಳು, ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಕೂತಿದ್ದಾಳೆ. ಅವಳ ದಿನಚರಿ ನನ್ನದಲ್ಲ. ಸಂಜೆ ಆರರಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಒಂಬತ್ತೂವರೆಗೆ ಬರುತ್ತಾಳೆ, ಊಟ ಮುಗಿಸಿ ಪುಸ್ತಕ ತೆರೆಯುವಷ್ಟರಲ್ಲಿ ವಾಚನಾಲಯಕ್ಕೆ ಬೀಗ ಬೀಳುತ್ತದೆ. ಕೋಣೆಯಲ್ಲಿ ಉಳಿದವರು ಮಲಗಿರುವುದರಿಂದ ದೊಡ್ಡ ದೀಪ ಹಾಕುವಂತಿಲ್ಲ. ಊರಿನಲ್ಲಿ ಮಳೆಯನ್ನು ನಂಬಿದ ಹೊಲ, ಅಲ್ಲಿಂದ ಏನೂ ಬರುವುದಿಲ್ಲ, ಇವಳೇ ಆಗಾಗ ಕಳಿಸಬೇಕು.

ಸಾಲೋಟಗಿಯ ಹೆಸರು ಕೇಳಿದೊಡನೆ ಅವಳ ಮುಖ ಅರಳಿತು. "ಅದು ನಮ್ಮ ಇಂಡಿ ತಾಲ್ಲೂಕಿಂದಲ್ಲೇನ! ಜಾತ್ರಿಗಿ ಹೋಗೀನಿ, ಕಲ್ಲು ಮಾತ್ರ ನೋಡಿಲ್ಲ" ಎಂದಳು. ದೀಪದ ಭೂಮಿಯ ಕತೆಯನ್ನು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಛಲೋ ಐತಿ. ಆದ್ರ ನಿನ್ನ ದೀಪದ ಎಣ್ಣಿ ಮನಿಯಿಂದ ಬರ್ತೈತಿ. ನನ್ನ ಎಣ್ಣಿ ನಾನೇ ತರಬೇಕು. ಎಣ್ಣಿ ತರೂದ್ರಾಗ ಓದೂ ಹೊತ್ತು ಹೋಗ್ತೈತಿ. ಅದಕ್ಕ ನಾ ಖುಷಿನ ಮುಂದಕ್ಕ ಹಾಕೀನಿ, ಸೋಮಾರಿತನಕ್ಕಲ್ಲ."

ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಇದೆ ಎಂದು ನಟಿಸುವುದೂ ಸರಿಯಲ್ಲ. ಮುಂದಕ್ಕೆ ಹಾಕಬೇಡ ಎಂದು ಹೇಳುವ ಹಕ್ಕು ಇರುವುದು ಎಣ್ಣೆ ತಂದುಕೊಡಬಲ್ಲವರಿಗೆ ಮಾತ್ರ. ಸಣ್ಣ ಸಂಗತಿಗಳಲ್ಲಿ ಸಂತೋಷ ಕಾಣಿರಿ ಎಂಬ ಉಪದೇಶ ನನಗೆ ಒಗ್ಗದಿರುವುದಕ್ಕೂ ಇದೇ ಕಾರಣವಿರಬೇಕು. ಅದು ದೀಪದ ಖರ್ಚನ್ನು ಎಣಿಸದೆ ಬೆಳಕನ್ನು ಮಾತ್ರ ಹೊಗಳುತ್ತದೆ. ಆದರೂ ಅವಳ ಮಾತಿನಲ್ಲಿ ಒಂದು ಸಂಗತಿ ನನ್ನ ಕಡೆಗಿದೆ ಎಂದು ನನಗನ್ನಿಸುತ್ತದೆ. ಅವಳು ಟ್ಯೂಷನ್ನಿನಿಂದ ಬಂದು, ಕೈಕಾಲು ತೊಳೆದು, ಫೋನಿನ ಬೆಳಕಿನಲ್ಲಿ ಅರ್ಥಶಾಸ್ತ್ರದ ಪುಸ್ತಕ ತೆರೆದು ಮೊದಲ ಪುಟ ದಾಟಿದ ಮೇಲೆ, ಕೆಲವು ರಾತ್ರಿ ತನಗೆ ತಾನೇ ಏನೋ ಹೇಳಿಕೊಂಡು ತಲೆಯಾಡಿಸುತ್ತಾಳೆ. ಅದನ್ನು ನಾನು ಪಕ್ಕದ ಮಂಚದಿಂದ ಕಂಡಿದ್ದೇನೆ. ಅದು ಖುಷಿಯೇ ಎಂದು ಕೇಳಿದರೆ ಅವಳು ಒಪ್ಪುವುದಿಲ್ಲ, ಸಿಲೆಬಸ್ಸು ಎನ್ನುತ್ತಾಳೆ.

ವಾದ ಅಲ್ಲಿಗೇ ನಿಂತಿತು. ಮರುದಿನ ನಾವಿಬ್ಬರೂ ಸೇರಿ, ವಾಚನಾಲಯವನ್ನು ರಾತ್ರಿ ಹತ್ತರ ಬದಲು ಒಂದು ಗಂಟೆಯವರೆಗೆ ತೆರೆದಿಡಬೇಕೆಂದು ವಾರ್ಡನ್‌ಗೆ ಅರ್ಜಿ ಬರೆಯಲು ಕೂತೆವು. ಕಚೇರಿಯ ಕನ್ನಡ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಆದ್ದರಿಂದ 'ಮಾನ್ಯರೇ' ಎಂಬಲ್ಲಿಂದ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬವರೆಗೆ ಅವಳೇ ಬರೆದಳು. ಎರಡನೆಯ ಪ್ಯಾರಾದಲ್ಲಿ ಸಾಲೋಟಗಿಯ ಶಾಸನವನ್ನು ಉಲ್ಲೇಖಿಸೋಣವೆಂದು ನಾನು ಹಟ ಹಿಡಿದೆ. "ಮೇಡಂಗ ಹತ್ತನೇ ಶತಮಾನ ಹೇಳಿ ಏನ್ ಮಾಡ್ತಿ? ಲೈಟು ಮೂರು ತಾಸು ಹೆಚ್ಚಿಗಿ ಉರದ್ರ ತಿಂಗಳಿಗಿ ಎಷ್ಟು ಯೂನಿಟ್ ಆಗ್ತಾವ, ಅದನ್ನ ಬರಿ" ಎಂದಳು. ವಾಚನಾಲಯದಲ್ಲಿರುವುದು 20 ವ್ಯಾಟಿನ ನಾಲ್ಕು ಟ್ಯೂಬುಗಳು. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಏಳು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನೇ ಬರೆದೆವು. ಏಳು ಯೂನಿಟ್ಟಿಗೆ ಎಷ್ಟು ನಿವರ್ತನ ಬೇಕಾದೀತು ಎಂದು ನಾನು ಕೇಳಿದ್ದಕ್ಕೆ ಉತ್ತರ ಕೊಡದೆ, ಸಹಿ ಹಾಕಿಸಲು ಹಾಳೆ ಹಿಡಿದುಕೊಂಡು ಅವಳು ಮೇಲಿನ ಮಹಡಿಗೆ ಹೊರಟಳು.